ಚುಕ್ಕಿ ಸುತ್ತುತ್ತಲೇ ನಿಂತುಬಿಡುವ ಲ್ಯಾಪ್‌ಟಾಪ್

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಒಂಬತ್ತು ವರ್ಷ, ಅದರಲ್ಲಿರುವುದು ವಿಂಡೋಸ್ 10. ಆನ್ ಮಾಡಿದರೆ ಲೋಗೋ ಬರುತ್ತದೆ, ಕೆಳಗೆ ಚುಕ್ಕಿಗಳು ಸುತ್ತಲು ಶುರುವಾಗಿ ಹಾಗೇ ನಿಂತುಬಿಡುತ್ತವೆ. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ ಮೂರ್ನಾಲ್ಕು ಸಲ ಪ್ರಯತ್ನಿಸಿದರೆ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ. ಗೆಳೆಯರು ಫಾರ್ಮ್ಯಾಟ್ ಮಾಡು ಎನ್ನುತ್ತಾರೆ. ಮಕ್ಕಳ ಫೋಟೊಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ ಸರ್?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಮುಂದಿನ ಸಲ ತೆರೆದುಕೊಂಡಾಗ ಬೇರೇನನ್ನೂ ಮುಟ್ಟದೆ ಮೊದಲು ಫೋಟೊಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ರಿಪೇರಿ ಆಮೇಲೆ.

ನೀವು ಹೇಳಿದ ಲಕ್ಷಣದಲ್ಲಿ ಒಂದು ಸುಳಿವಿದೆ. ಚುಕ್ಕಿ ಸುತ್ತಲು ಶುರುವಾಯಿತೆಂದರೆ ಮದರ್‌ಬೋರ್ಡ್ ತನ್ನ ತಪಾಸಣೆ ಮುಗಿಸಿ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸಿದೆ. ಅಲ್ಲಿಂದಾಚೆ ನಡೆಯುವುದು ಬಹುಪಾಲು ಡಿಸ್ಕ್‌ನಿಂದ ಫೈಲ್ ಓದುವ ಕೆಲಸ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಸೆಕ್ಟರ್ (ಮಾಹಿತಿ ಕೂರುವ ಪುಟ್ಟ ತುಣುಕು) ಕೆಟ್ಟಿದ್ದರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ವಿಂಡೋಸ್ ಕಾಯುತ್ತ ಕೂರುತ್ತದೆ. ಕೆಲವೊಮ್ಮೆ ಹೇಗೋ ಓದಿಬಿಡುತ್ತದೆ. ನಿಮ್ಮ 'ಒಮ್ಮೊಮ್ಮೆ'ಗೆ ಕಾರಣ ಇದೇ ಇರಬಹುದೆಂದು ನನ್ನ ಗುಮಾನಿ. ಟಿಕ್ ಟಿಕ್ ಸದ್ದೂ ಕೇಳಿಸುತ್ತಿದ್ದರೆ ತಡಮಾಡಬೇಡಿ.

ಗುಮಾನಿ ನಿಜವೇ ಎಂದು ನೋಡಲು 'ಕ್ರಿಸ್ಟಲ್ ಡಿಸ್ಕ್ ಇನ್ಫೊ' ಎಂಬ ಉಚಿತ ತಂತ್ರಾಂಶ ಸಾಕು. 'ಪೆಂಡಿಂಗ್ ಸೆಕ್ಟರ್', 'ರೀಅಲೊಕೇಟೆಡ್ ಸೆಕ್ಟರ್' ಎಂಬ ಸಾಲುಗಳ ಎಣಿಕೆ ಸೊನ್ನೆಯಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಭರವಸೆ ಬಿಡಿ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಸಾಧನ ಚೆಕ್‌ಡಿಸ್ಕ್ ಓಡಿಸಿ ಎಂದು ಸಲಹೆ ಕೊಡುವವರು ಎಲ್ಲೆಡೆ ಸಿಗುತ್ತಾರೆ. ಕೆಟ್ಟ ಸೆಕ್ಟರ್ ಹುಡುಕುವಾಗ ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ. ಸಾಯುವ ಸ್ಥಿತಿಯಲ್ಲಿರುವ ಡಿಸ್ಕ್ ಆ ಶ್ರಮಕ್ಕೇ ಪೂರ್ತಿ ಕೈಕೊಡಬಹುದು. ಕಾಪಿ ಆಗುವ ಮುನ್ನ ಅದರ ಗೋಜಿಗೆ ಹೋಗಬೇಡಿ.

ವಿಂಡೋಸ್ ತೆರೆಯಲೇ ಇಲ್ಲವೆಂದಾದರೆ? ಬೇರೆ ಕಂಪ್ಯೂಟರ್‌ನಲ್ಲಿ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದೇ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಸಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ. ಸರಾಗವಾಗಿ ನಡೆದರೆ ಪ್ರೊಸೆಸರ್, ರ‍್ಯಾಮ್ ಬಹುಮಟ್ಟಿಗೆ ಚೆನ್ನಾಗಿವೆ ಎಂದರ್ಥ, ಫೋಟೊಗಳನ್ನೂ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗವಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಲಿನಕ್ಸ್ ಕೂಡ ನಡುವೆಯೇ ನಿಂತರೆ ರ‍್ಯಾಮ್ ಕಡೆ ನೋಡಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ಡಿಸ್ಕ್ ಆರೋಗ್ಯವಾಗಿದ್ದರೆ ಉಳಿಯುವುದು ತಂತ್ರಾಂಶದ ತಕರಾರು. ಮೊದಲು ಪ್ರಿಂಟರ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ಕಿತ್ತು ನೋಡಿ. ಸಿಕ್ಕಿಸಿ ಮರೆತ ಒಂದು ಕಾರ್ಡ್ ಕೂಡ ಸ್ಟಾರ್ಟ್ ಆಗುವುದನ್ನು ತಡೆಯಬಲ್ಲದು! ಆಮೇಲೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯವಾದುದನ್ನಷ್ಟೇ ಹೊತ್ತು ವಿಂಡೋಸ್ ತೆರೆಯುವ ವಿಧಾನ. ವಿಂಡೋಸ್ ಸತತವಾಗಿ ಎರಡು-ಮೂರು ಸಲ ಅರ್ಧಕ್ಕೆ ನಿಂತರೆ ರಿಪೇರಿ ಪರದೆ ತಾನೇ ಬರುತ್ತದೆ. ಅಲ್ಲಿ ಸ್ಟಾರ್ಟಪ್ ಸೆಟಿಂಗ್ಸ್‌ಗೆ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿ. ಸೇಫ್ ಮೋಡ್‌ನಲ್ಲಿ ಪ್ರತಿ ಸಲವೂ ತೆರೆದುಕೊಂಡರೆ ಇತ್ತೀಚೆಗೆ ಹಾಕಿದ ಡ್ರೈವರ್ (ಯಂತ್ರಭಾಗವನ್ನು ನಡೆಸುವ ತಂತ್ರಾಂಶ) ಅಥವಾ ಪ್ರೋಗ್ರಾಂ ತೆಗೆಯಿರಿ.

ಡಿಸ್ಕೇ ಕೆಟ್ಟಿದ್ದರೆ ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಹಳೆಯ ಲ್ಯಾಪ್‌ಟಾಪ್‌ಗೆ ಹಣ ಹಾಕುವುದಾದರೆ ಇದಕ್ಕಿಂತ ಸಾರ್ಥಕ ಖರ್ಚು ನನಗೆ ಗೊತ್ತಿಲ್ಲ. ಕ್ಲೋನ್ (ಹಳೆಯ ಡಿಸ್ಕ್‌ನ ಯಥಾವತ್ ನಕಲು) ಮಾಡಿಸಲು ಹೋಗಬೇಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಏನನ್ನು ಇನ್‌ಸ್ಟಾಲ್ ಮಾಡಿಸುವುದು ಎಂಬುದು ಬೇರೆ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಕೇಳುವ ಪ್ರೊಸೆಸರ್ ಇಷ್ಟು ಹಳೆಯ ಯಂತ್ರದಲ್ಲಿ ಇರುವುದು ಅನುಮಾನ. ಬ್ರೌಸಿಂಗ್, ಪತ್ರ ಟೈಪಿಂಗ್ ಇಷ್ಟೇ ನಿಮ್ಮ ಬಳಕೆಯಾದರೆ, ಫೋಟೊ ಎತ್ತಲು ಬಳಸಿದ ಆ ಪೆನ್‌ಡ್ರೈವ್‌ನ ಲಿನಕ್ಸನ್ನೇ ಎಸ್‌ಎಸ್‌ಡಿಗೆ ಹಾಕಿಕೊಳ್ಳಿ.