ಪಿವಿಸಿ ಪೈಪ್ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಅಳಿಸುವುದು ಹೇಗೆ?

ಬಿಳಿ ಪಿವಿಸಿ ಪೈಪಿನಲ್ಲಿ ಪುಸ್ತಕದ ಸ್ಟ್ಯಾಂಡ್ ಮಾಡುತ್ತಿದ್ದೀರಿ, ಪೈಪಿನ ಉದ್ದಕ್ಕೂ ಕಂಪನಿ ಹೆಸರು, ಅಳತೆ ಎಲ್ಲ ಕಪ್ಪಗೆ ಅಚ್ಚಾಗಿದೆ, ಸೋಪು ನೀರಿನಲ್ಲಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ, ಬಣ್ಣ ಹೊಡೆಯುವ ಇರಾದೆಯೂ ಇಲ್ಲ ಎಂದಿದ್ದೀರಿ. ಸೋಪಿಗೆ ಅದು ಹೋಗಲ್ಲ, ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಇದಕ್ಕೆ ಬೇಕಾಗಿರುವುದು ಅಸಿಟೋನ್ ಎಂಬ ದ್ರಾವಕ.

ಈ ಅಕ್ಷರಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಪೈಪ್ ಓಡುತ್ತಿರುವಾಗಲೇ ಇಂಕ್‌ಜೆಟ್ ಯಂತ್ರ ಚಿಮ್ಮಿಸುತ್ತದೆ. ಆ ಶಾಯಿಯಲ್ಲಿ ಹೆಚ್ಚಾಗಿ ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕ ಇರುತ್ತದೆ. ಅದು ಪಿವಿಸಿಯ ಮೇಲ್ಮೈಯನ್ನು ಒಂದಿಷ್ಟು ಕರಗಿಸಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಸಿಟೋನ್ ಅದರ ಹತ್ತಿರದ ನೆಂಟ. ಹಾಗಾಗಿ ಶಾಯಿಯನ್ನು ಬಿಡಿಸುತ್ತದೆ, ಜೊತೆಗೆ ಪೈಪನ್ನೂ ಮೆತ್ತಗೆ ಮಾಡುತ್ತದೆ. ಎಡವಟ್ಟಾಗುವುದು ಇಲ್ಲೇ.

ಮೊದಲ ಸಲ ನಾನು ಬಟ್ಟೆಯನ್ನು ಚೆನ್ನಾಗಿ ತೋಯಿಸಿ, ಪಾತ್ರೆ ಉಜ್ಜುವ ಹಾಗೆ ಹಿಂದೆ ಮುಂದೆ ಉಜ್ಜಿದೆ. ಅಕ್ಷರ ಹೋಯಿತು ನಿಜ. ಆದರೆ ಆ ಕಪ್ಪೆಲ್ಲ ಮೆತ್ತಗಾದ ಪ್ಲಾಸ್ಟಿಕ್ಕಿಗೆ ಹರಡಿ ಬೂದು ಬಣ್ಣದ ಪಟ್ಟೆ ಆಯಿತು. ಮೇಲ್ಮೈ ಅಂಟಂಟು. ಹಾಗೇ ಕೈಯಲ್ಲಿ ಹಿಡಿದಿದ್ದಕ್ಕೆ ನನ್ನ ಬೆರಳಚ್ಚು ಶಾಶ್ವತವಾಗಿ ಅದರ ಮೇಲೆ ಕೂತಿದೆ. ಆ ತುಂಡು ಈಗಲೂ ಇದೆ, ಟೊಮೆಟೊ ಗಿಡಕ್ಕೆ ಊರುಗೋಲಾಗಿ.

ಈಗ ಮಾಡುವ ರೀತಿ ಹೇಳುತ್ತೇನೆ. ಬಿಳಿ ಹತ್ತಿ ಬಟ್ಟೆಯನ್ನೇ ತೆಗೆದುಕೊಳ್ಳಿ, ಬಣ್ಣದ ಬಟ್ಟೆ ತನ್ನ ಬಣ್ಣವನ್ನೂ ಬಿಟ್ಟೀತು. ಬಟ್ಟೆ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆಯಿರಿ, ಎತ್ತಿ, ಬಟ್ಟೆಯ ಶುಭ್ರ ಭಾಗಕ್ಕೆ ತಿರುಗಿಸಿಕೊಂಡು ಮತ್ತೆ ಎಳೆಯಿರಿ. ಒಂದು ಗೇಣಿನಷ್ಟು ಉದ್ದ ಮುಗಿಸಿ ಮುಂದಕ್ಕೆ ಹೋಗಿ. ಎರಡು ಮೂರು ಎಳೆತಕ್ಕೂ ಹೋಗದಿದ್ದರೆ ಅಲ್ಲೇ ಪಟ್ಟು ಹಿಡಿಯಬೇಡಿ, ಆರಲು ಬಿಟ್ಟು ಆಮೇಲೆ ಬನ್ನಿ. ಒರೆಸಿದ ಜಾಗವನ್ನು ಪೂರ್ತಿ ಆರುವ ತನಕ ಮುಟ್ಟಬಾರದು. ಪೈಪನ್ನು ಕತ್ತರಿಸುವ ಮೊದಲೇ ಇದನ್ನು ಮಾಡಿದರೆ ಹಿಡಿಯಲು ಸಲೀಸು. ಅಳತೆಯ ಗುರುತು ಮಾತ್ರ ಆಮೇಲೆ ಹಾಕಿ. ನಾನೊಮ್ಮೆ ಎಲ್ಲ ಗುರುತನ್ನೂ ಮಾರ್ಕರ್‌ನಲ್ಲಿ ಹಾಕಿ ಆಮೇಲೆ ಒರೆಸಿದೆ. ಅಕ್ಷರದ ಜೊತೆ ಗುರುತೂ ಮಾಯ!

ನೇಲ್ ಪಾಲಿಶ್ ತೆಗೆಯುವ ದ್ರವವೂ ಆಗುತ್ತದೆ, ಆದರೆ ಅದರಲ್ಲಿ ಅಸಿಟೋನ್ ಇದೆಯಾ ಎಂದು ಶೀಶೆಯ ಮೇಲೆ ನೋಡಿ. ಅಸಿಟೋನ್ ಇಲ್ಲದ ಬಗೆಯೂ ಸಿಗುತ್ತದೆ. ಅಸಿಟೋನನ್ನು ಥರ್ಮೋಕೋಲ್ ಲೋಟಕ್ಕೆ ಮಾತ್ರ ಸುರಿಯಬೇಡಿ, ಲೋಟವೇ ಕರಗುತ್ತದೆ. ಗಾಜು ಅಥವಾ ಸ್ಟೀಲ್ ಬಟ್ಟಲು ಸರಿ.

ಬೆಂಕಿಯ ವಿಷಯದಲ್ಲಿ ತಮಾಷೆ ಬೇಡ. ಅಸಿಟೋನ್‌ನ ಆವಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರ ಬೇರೆ, ನೆಲದ ಮೇಲೇ ಹರಿದುಕೊಂಡು ಹೋಗಿ ದೂರದ ಒಲೆಯನ್ನು ಮುಟ್ಟೀತು. ಹೊರಗೆ ಬಯಲಲ್ಲಿ ಮಾಡಿ. ಪೈಪನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಒರೆಸುವ ಜಾಣತನ ಹೊಳೆಯುತ್ತದೆ, ನನಗೂ ಹೊಳೆದಿತ್ತು. ಡ್ರಿಲ್ಲಿನ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಆದ್ದರಿಂದ ಬೇಡ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆಯದೆ ಹೊರಗೆ ಹರಡಿ ಒಣಗಿಸಿ. ತೆಳು ನೈಟ್ರೈಲ್ ಗ್ಲೌಸನ್ನು ನಂಬಿ ಕೂರಬೇಡಿ, ಅಸಿಟೋನ್ ಅದರೊಳಗೆ ಬೇಗ ನುಗ್ಗುತ್ತದೆ. ಬ್ಯೂಟೈಲ್ ರಬ್ಬರಿನದು ಚೆನ್ನಾಗಿ ತಡೆಯುತ್ತದೆ.

ಅಸಿಟೋನ್ ಬೇಡವೇ ಬೇಡ ಎಂದರೆ ಉಪ್ಪುಕಾಗದ. ಒದ್ದೆ ಮಾಡಿ ಉಜ್ಜುವ ವಾಟರ್ ಪೇಪರ್ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಪುಡಿ ಗಾಳಿಗೆ ಹಾರುವುದಿಲ್ಲ. 220 ನಂಬರಿನ ಕಾಗದದಿಂದ ಶುರು ಮಾಡಿ 400ಕ್ಕೆ, ಇನ್ನೂ ನಯ ಬೇಕಾದರೆ 600ಕ್ಕೆ ಹೋಗಿ. ಶಾಯಿ ಹೋಗುತ್ತದೆ, ಹೊಳಪೂ ಹೋಗುತ್ತದೆ. ಅಕ್ಷರದ ಜಾಗವನ್ನಷ್ಟೇ ಉಜ್ಜಿದರೆ ಒಂದು ಮಂಕು ಪಟ್ಟಿ ಎದ್ದು ಕಾಣುತ್ತದೆ, ಸುತ್ತಲೂ ಉಜ್ಜಬೇಕು. ಬಣ್ಣ ಹೊಡೆಯುವವರಿಗಾದರೆ ಇದೇ ಒಳ್ಳೆಯದು, ಒರಟು ಮೇಲ್ಮೈಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹೀಟ್ ಗನ್ ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಬಾಗುತ್ತದೆ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ.

ಇದೆಲ್ಲ ಪಿವಿಸಿಗೆ ಹೇಳಿದ ಮಾತು. ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ ಆಗಿದ್ದರೆ ಅಸಿಟೋನ್ ಅದನ್ನು ಪೂರ್ತಿ ಕರಗಿಸಿಬಿಡುತ್ತದೆ. ಪಾರದರ್ಶಕ ಅಕ್ರಿಲಿಕ್ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಯಾವುದಕ್ಕೂ ಒಂದು ಬೇಡದ ತುಂಡಿನ ಮೇಲೆ ನೋಡಿಕೊಳ್ಳಿ.

ಇನ್ನೊಂದು ಮಾತು. ಶುರು ಮಾಡುವ ಮುಂಚೆ ಅಕ್ಷರಗಳ ಮೇಲೆ ಉಗುರು ಆಡಿಸಿ. ಕೆಲವು ಪೈಪಿನಲ್ಲಿ ಅವು ಒತ್ತಿದ ಅಚ್ಚು, ಉಗುರಿಗೆ ತಡೆ ಸಿಗುತ್ತದೆ. ಆಗ ಶಾಯಿ ಹೋದರೂ ತಗ್ಗು ಉಳಿಯುತ್ತದೆ. ಸ್ಟ್ಯಾಂಡ್ ಅಲ್ವಾ, ಆ ಬದಿಯನ್ನು ಗೋಡೆಯ ಕಡೆ ತಿರುಗಿಸಿ ಜೋಡಿಸಿದರೆ ಯಾರಿಗೂ ಕಾಣುವುದಿಲ್ಲ.