ಹದಿನಾಲ್ಕು ಮಂದಿ, ಒಂದೇ ಹಿಮದೂರು: ಆಲ್ಪ್‌ಬಾಖ್ ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಜರ್ಮನಿಯ ಮ್ಯೂನಿಕ್‌ನಲ್ಲಿ ನೆಲೆಸಿರುವ ನಾಲ್ಕು ಕನ್ನಡ ಕುಟುಂಬದವರು. ಮಕ್ಕಳು, ಊರಿನಿಂದ ಬರಲಿರುವ ಹಿರಿಯರು ಎಲ್ಲರೂ ಸೇರಿ ಹದಿನಾಲ್ಕು ಮಂದಿ ಆಗುತ್ತೇವೆ. ನಮ್ಮಲ್ಲಿ ಇಬ್ಬರಿಗೆ ಮಾತ್ರ ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ, ಉಳಿದವರಲ್ಲಿ ಹೆಚ್ಚಿನವರು ಹೊಸಬರು, ಹಿರಿಯರು ಸ್ಕೀ ತೊಡುವುದೇ ಇಲ್ಲ. ಕಿಟ್ಸ್‌ಬ್ಯೂಹೆಲ್, ಇಶ್‌ಗ್ಲ್‌ನಂಥ ಹೆಸರಾಂತ ಜಾಗಗಳು ದುಬಾರಿ ಎನಿಸುತ್ತವೆ. ಆಸ್ಟ್ರಿಯಾದ ಆಲ್ಪ್‌ಬಾಖ್ ಎಂಬ ಊರನ್ನು ಸ್ನೇಹಿತರು ಸೂಚಿಸಿದ್ದಾರೆ. ಇಂಥ ಗುಂಪಿಗೆ ಅದು ಒಗ್ಗುತ್ತದೆಯೇ? ಯಾವಾಗ ಹೋಗಬೇಕು, ಹೇಗೆ ಏರ್ಪಾಡು ಮಾಡಬೇಕು?

ಉತ್ತರ: ಒಗ್ಗುತ್ತದೆ, ಆದರೆ ಒಂದು ಮಾತನ್ನು ಮೊದಲೇ ತಿಳಿದುಕೊಂಡು ಹೋಗಿ. ಸ್ಕೀ ಊರುಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಕಾಣುವುದು ಇಳಿಜಾರುಗಳ ಒಟ್ಟು ಕಿಲೋಮೀಟರ್ ಲೆಕ್ಕ, ಮತ್ತು ನಿಮ್ಮ ಗುಂಪಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ ಸಂಖ್ಯೆಯೂ ಅದೇ. ಹೊಸದಾಗಿ ಕಲಿಯುವವರು ವಾರವಿಡೀ ಒಂದೆರಡು ಇಳಿಜಾರುಗಳಲ್ಲೇ ಇರುತ್ತಾರೆ. ಸ್ಕೀ ಮಾಡದವರಿಗೆ ಬೇಕಾದದ್ದು ನಡೆದಾಡಲು ಹಿತವಾದ ಊರು. ಇಡೀ ಗುಂಪಿಗೆ ಬೇಕಾದದ್ದು ಮಧ್ಯಾಹ್ನ ಎಲ್ಲರೂ ಕಷ್ಟವಿಲ್ಲದೆ ಬಂದು ಸೇರಬಹುದಾದ ಒಂದು ತಾಣ. ಆಲ್ಪ್‌ಬಾಖ್ ಹೊಂದುವುದು ಈ ಮೂರು ಕಾರಣಗಳಿಗಾಗಿಯೇ.

ಟಿರೋಲ್ ಪ್ರಾಂತ್ಯದಲ್ಲಿ, ಇನ್ ನದಿಯ ಕಣಿವೆಯಿಂದ ಸ್ವಲ್ಪ ಮೇಲಕ್ಕೆ, ಸುಮಾರು 1,000 ಮೀಟರ್ ಎತ್ತರದಲ್ಲಿರುವ ಹಳ್ಳಿ ಇದು. ಹೊಸ ಮನೆಗಳನ್ನೂ ಹಳೆಯ ಮರದ ಮನೆಗಳ ಶೈಲಿಯಲ್ಲೇ ಕಟ್ಟಬೇಕೆಂದು 1953ರಲ್ಲಿ ನಿಯಮ ಮಾಡಿಕೊಂಡ ಕಾರಣ, ಬೇರೆಡೆ ಕಾಣುವ ಕಾಂಕ್ರೀಟ್ ಹೋಟೆಲುಗಳ ಸಾಲು ಇಲ್ಲಿಲ್ಲ. 1983ರಲ್ಲಿ ಇದನ್ನು ಆಸ್ಟ್ರಿಯಾದ ಅತ್ಯಂತ ಸುಂದರ ಹಳ್ಳಿಯೆಂದು ಆರಿಸಲಾಯಿತು. 1945ರಿಂದ ಇಲ್ಲಿ ನಡೆಯುತ್ತಿರುವ ಯುರೋಪಿಯನ್ ಫೋರಮ್ ಎಂಬ ಬೇಸಿಗೆಯ ವಿಚಾರಗೋಷ್ಠಿಯಿಂದ ಊರಿನ ಹೆಸರು ವಿದ್ವಾಂಸರಿಗೆ ಪರಿಚಿತ, ಸ್ಕೀ ಪ್ರವಾಸಿಗರಿಗೆ ಅಷ್ಟಿಲ್ಲ. ಪಕ್ಕದ ವಿಲ್ಡ್‌ಶೋನೌ ಕಣಿವೆಯ ಇಳಿಜಾರುಗಳೊಂದಿಗೆ 2012ರಲ್ಲಿ ಗೊಂಡೊಲಾ (ತಂತಿಯ ಮೇಲೆ ಸಾಗುವ ಪೆಟ್ಟಿಗೆ) ಸಂಪರ್ಕ ಬಂದ ಮೇಲೆ ಎರಡೂ ಸೇರಿ ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ಸ್ಕೀ ಪ್ರದೇಶವಾಗಿದೆ. ನಿಮ್ಮ ಇಬ್ಬರು ನುರಿತವರು ಶಾಟ್ಸ್‌ಬರ್ಗ್ ಬೆಟ್ಟದ ಕಡೆಗೆ ಹೋಗಿ ಬರುವುದರಲ್ಲಿ ಹೊತ್ತು ಕಳೆಯಬಹುದು.

ಕೊರತೆಯನ್ನೂ ಹೇಳಬೇಕು. ಮುಖ್ಯ ಗೊಂಡೊಲಾ ನಿಲ್ದಾಣ ಹಳ್ಳಿಯ ನಡುವೆ ಇಲ್ಲ. ಕೆಳಗಿನ ಕಣಿವೆಯಲ್ಲಿರುವ ಅಲ್ಲಿಗೆ ಸ್ಕೀ ಬಸ್ಸಿನಲ್ಲಿ ಹೋಗಬೇಕು. ಬಾಗಿಲು ತೆರೆದರೆ ಹಿಮದ ಇಳಿಜಾರು ಎಂಬ ಕಲ್ಪನೆ ಇದ್ದವರಿಗೆ ಇದು ಬೇಸರ ತರಬಹುದು. ಅಂಥವರು ಕಣಿವೆಯ ಒಳತುದಿಯಲ್ಲಿ, ಇನ್ನೊಂದು ಗೊಂಡೊಲಾದ ಬುಡದಲ್ಲೇ ಇರುವ ಇನ್ನರಾಲ್ಪ್‌ಬಾಖ್‌ನಲ್ಲಿ ಕೋಣೆ ನೋಡುವುದುಂಟು. ಆದರೆ ಹಿರಿಯರಿರುವ ಗುಂಪಿಗೆ ನನ್ನ ಸಲಹೆ ಹಳ್ಳಿಯ ನಡುವೆ, ಬಸ್ ನಿಲ್ದಾಣಕ್ಕೆ ಹತ್ತಿರದ ವಸತಿ. ಸ್ಕೀ ಮಾಡುವವರು ಬಸ್ಸಿನಲ್ಲಿ ಹತ್ತು ನಿಮಿಷ ಕಳೆಯುವುದು ದೊಡ್ಡದಲ್ಲ, ಸ್ಕೀ ಮಾಡದವರು ದಿನವಿಡೀ ಏನೂ ಇಲ್ಲದ ಮೂಲೆಯಲ್ಲಿ ಕೂರುವುದು ದೊಡ್ಡದು. ಇನ್ನೊಂದು ವಿಷಯ: ಆಸ್ಟ್ರಿಯಾದಲ್ಲಿ ಇಳಿಜಾರುಗಳಿಗೆ ಸುಲಭದಿಂದ ಕಠಿಣದವರೆಗೆ ನೀಲಿ, ಕೆಂಪು, ಕಪ್ಪು ಎಂಬ ಮೂರು ಬಣ್ಣಗಳಿದ್ದು, ಆಲ್ಪ್‌ಬಾಖ್ ಬೆಟ್ಟದ ಮೇಲ್ಭಾಗದಲ್ಲಿ ಕೆಂಪೇ ಹೆಚ್ಚು. ಆದ್ದರಿಂದ ಹೊಸಬರನ್ನು "ಬಾ, ನಾನಿದ್ದೇನೆ" ಎಂದು ಗೆಳೆಯರು ಮೊದಲ ದಿನವೇ ಮೇಲಕ್ಕೆ ಕರೆದೊಯ್ಯಬಾರದು. ಗುಂಪು ಪ್ರವಾಸಗಳಲ್ಲಿ ಸ್ನೇಹವೂ ಮೊಣಕಾಲೂ ಕೆಡುವುದು ಹೆಚ್ಚಾಗಿ ಇದರಿಂದಲೇ. ಕಲಿಸುವ ಕೆಲಸವನ್ನು ಸ್ಕೀ ಶಾಲೆಗೆ ಬಿಡಿ. ಅಲ್ಲಿನ ವಾರದ ತರಗತಿಗಳು ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗುವುದರಿಂದ ಶನಿವಾರವೇ ಊರು ಸೇರಿ, ಸಂಜೆಯೇ ಬೂಟು ಮತ್ತು ಸ್ಕೀ ಬಾಡಿಗೆ ಮುಗಿಸಿಕೊಂಡರೆ ಮರುದಿನದ ನೂಕುನುಗ್ಗಲು ತಪ್ಪುತ್ತದೆ. ಅಭ್ಯಾಸದ ಇಳಿಜಾರಿಗೆ ಮಾತ್ರ ಸಲ್ಲುವ ಅಗ್ಗದ ಟಿಕೆಟ್ ಇದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಮೊದಲ ಎರಡು ದಿನ ಹೊಸಬರಿಗೆ ಆರು ದಿನಗಳ ಪೂರ್ಣ ಪಾಸ್ ಬೇಕಾಗುವುದಿಲ್ಲ.

ಬಾಡಿಗೆ ಅಂಗಡಿಯಲ್ಲಿ ಅರ್ಧ ಗಂಟೆ ಹೆಚ್ಚಾದರೂ ಚಿಂತೆಯಿಲ್ಲ. ಬೂಟಿನೊಳಗೆ ಒಂದೇ ಜೊತೆ ತೆಳು ಕಾಲುಚೀಲ ಇರಲಿ. ಚಳಿಗೆ ಹೆದರಿ ಎರಡು ಜೊತೆ ಹಾಕಿದರೆ ಕಾಲು ಬೆವರಿ, ರಕ್ತಸಂಚಾರ ಕುಗ್ಗಿ, ಇನ್ನಷ್ಟು ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಮೆಲ್ಲಗೆ ತಾಕಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಬಾಗಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯವರು ತೂಕ, ಎತ್ತರ, ವಯಸ್ಸು, ಅನುಭವ ಕೇಳುವುದು ಸ್ಕೀಗೆ ಬೂಟನ್ನು ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕೆಂದು ಹೊಂದಿಸಲು. ತೂಕವನ್ನು ನಾಚಿಕೆಯಿಂದ ಕಡಿಮೆ ಹೇಳಿದರೆ ಸ್ಕೀ ಬೇಡದ ಕಡೆ ಕಳಚಿಕೊಳ್ಳುತ್ತದೆ. ಅನುಭವವನ್ನು ಜಂಬದಿಂದ ಹೆಚ್ಚು ಹೇಳಿದರೆ ಬಿದ್ದಾಗಲೂ ಕಳಚದೆ ಮೊಣಕಾಲನ್ನು ತಿರುಚುತ್ತದೆ. ಎಲ್ಲರ ಮುಂದೆ ತೂಕ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಡಿ. ಹೆಲ್ಮೆಟ್ ಎಲ್ಲರಿಗೂ ಇರಲಿ.

ಕಾಲದ ವಿಷಯಕ್ಕೆ ಬಂದರೆ, ಜನವರಿ 6ರ ಹಬ್ಬ ಕಳೆದ ಮೇಲಿನ ಎರಡು ಮೂರು ವಾರಗಳಲ್ಲಿ ಹಿಮವೂ ಚೆನ್ನಾಗಿರುತ್ತದೆ, ಕೋಣೆಯ ದರವೂ ಇಳಿದಿರುತ್ತದೆ. ಆದರೆ ನಿಮ್ಮ ಮಕ್ಕಳು ಬವೇರಿಯಾದ ಶಾಲೆಗಳಲ್ಲಿ ಓದುವವರು. ಶಾಲೆ ತಪ್ಪಿಸಿ ಪ್ರವಾಸ ಹೋಗುವುದನ್ನು ಅಲ್ಲಿ ಎಷ್ಟು ಗಂಭೀರವಾಗಿ ನೋಡುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಉಳಿಯುವುದು ಫಾಶಿಂಗ್ ಎಂಬ ಕಾರ್ನಿವಲ್ ಹಬ್ಬದ ರಜೆಯ ವಾರ. ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಪ್ರಾಂತ್ಯಗಳೂ ಸರದಿಯಂತೆ ಒಂದೊಂದು ವಾರ ಶಾಲೆಗೆ ರಜೆ ಕೊಡುತ್ತವೆ, ನೆದರ್ಲೆಂಡ್ಸ್‌ನವರೂ ಆಗಲೇ ಬರುತ್ತಾರೆ; ದೊಡ್ಡ ಊರುಗಳಲ್ಲಿ ಲಿಫ್ಟಿನ ಮುಂದೆ ಸಾಲು ಬೆಳೆಯುವುದು ಈ ವಾರಗಳಲ್ಲಿಯೇ. ಹೆಸರಾಗದ ಊರನ್ನು ಆರಿಸಿದ್ದರ ನಿಜವಾದ ಲಾಭ ನಿಮಗೆ ಸಿಗುವುದೂ ಆಗಲೇ. ಹದಿನಾಲ್ಕು ಮಂದಿಗೆ ಒಂದೇ ಕಡೆ ಜಾಗ ಬೇಕಾದ್ದರಿಂದ ಬೇಸಿಗೆಯಲ್ಲೇ ಕಾಯ್ದಿರಿಸಿ, ಒಂದು ಕುಟುಂಬದವರು ಹಿಂದೆಗೆದರೆ ಮುಂಗಡ ಹಣದ ಗತಿಯೇನೆಂಬುದನ್ನು ವಸತಿಯವರೊಡನೆಯೂ ನಿಮ್ಮ ನಿಮ್ಮಲ್ಲಿಯೂ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ವಸತಿಗಳ ಲೆಕ್ಕ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಅಂದು ಹೊರಡುವವರೂ ಬರುವವರೂ ಕುಫ್‌ಸ್ಟೈನ್ ಬಳಿಯ ಹೆದ್ದಾರಿಯಲ್ಲಿ ಒಟ್ಟಿಗೆ ಸೇರುತ್ತಾರೆ. ಆದ್ದರಿಂದ ರೈಲೇ ಮೇಲು: ಮ್ಯೂನಿಕ್‌ನಿಂದ ಕುಫ್‌ಸ್ಟೈನ್ ಅಥವಾ ವರ್ಗ್ಲ್‌ಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಬ್ರಿಕ್ಸ್‌ಲೆಗ್ ನಿಲ್ದಾಣದಲ್ಲಿ ಇಳಿದರೆ ಹಳ್ಳಿಗೆ ಬಸ್ ಸಿಗುತ್ತದೆ. ಪ್ರಾದೇಶಿಕ ರೈಲುಗಳ ದಿನದ ಟಿಕೆಟಾದ ಬವೇರಿಯಾ ಟಿಕೆಟ್ ಕುಫ್‌ಸ್ಟೈನ್‌ವರೆಗೆ ಸಲ್ಲುತ್ತದೆ. ಕಾರಿನಲ್ಲೇ ಹೋಗುವಿರಾದರೆ ಆಸ್ಟ್ರಿಯಾದ ಹೆದ್ದಾರಿ ಶುಲ್ಕದ ವಿನ್ಯೆಟ್ ಮತ್ತು ಚಳಿಗಾಲದ ಟೈರು ಬೇಕು. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮವಿದ್ದಾಗ ಈ ಟೈರು ಕಡ್ಡಾಯ. ಮರಳುವಾಗ ಜರ್ಮನಿಯ ಗಡಿಯಲ್ಲಿ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿ ಮಕ್ಕಳದೂ ಸೇರಿ ಜೊತೆಯಲ್ಲಿರಬೇಕು.

ಬೆಟ್ಟದ ಮೇಲೆ ಗುಂಪಾಗಿ ಸ್ಕೀ ಮಾಡಲು ಹೋಗಬೇಡಿ. ಬಲ್ಲವರು, ಕಲಿಯುವವರು, ಮಕ್ಕಳು ಬೇರೆ ಬೇರೆಯಾಗಿ ಹೋಗಿ, ಮುಖ್ಯ ಗೊಂಡೊಲಾದ ಮೇಲಿನ ನಿಲ್ದಾಣವಾದ ಹಾರ್ನ್‌ಬೋಡೆನ್ ಬಳಿ ಮಧ್ಯಾಹ್ನದ ಊಟಕ್ಕೆ ಸೇರುವುದೆಂದು ಇಟ್ಟುಕೊಂಡರೆ, ಸ್ಕೀ ಮಾಡದವರೂ ಕಾಲ್ನಡಿಗೆಯವರ ಟಿಕೆಟ್ ಪಡೆದು ಅಲ್ಲಿಗೆ ಬರಬಹುದು. ಇಳಿಜಾರಿನ ನಡುವೆ ನಿಂತು ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವ ಅಭ್ಯಾಸ ಮಾತ್ರ ಅಪಾಯಕಾರಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳ ಪ್ರಕಾರ ಮುಂದೆ ಇರುವವರಿಗೇ ಆದ್ಯತೆ, ಹಿಂದಿನಿಂದ ಬರುವವರು ದಾರಿ ಬಿಟ್ಟು ಹೋಗಬೇಕು, ನಿಲ್ಲುವುದಿದ್ದರೆ ಅಂಚಿನಲ್ಲಿ ನಿಲ್ಲಬೇಕು. ಅಪಘಾತವಾದಾಗ ಹೊಣೆ ಯಾರದೆಂದು ತೀರ್ಮಾನಿಸಲು ನ್ಯಾಯಾಲಯಗಳೂ ಇವನ್ನೇ ನೋಡುತ್ತವೆ. ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣಾ ತಂಡದ ತುರ್ತು ಸಂಖ್ಯೆ 140. ಎಲ್ಲರ ಮೊಬೈಲಿನಲ್ಲೂ ಇರಲಿ.

ಪ್ರಶ್ನೆ: ಮೈಸೂರಿನಲ್ಲಿರುವ ನಿವೃತ್ತ ದಂಪತಿ ನಾವು. ಮ್ಯೂನಿಕ್‌ನಲ್ಲಿರುವ ಮಗ ಇಂಥದೇ ಗುಂಪಿನೊಂದಿಗೆ ನಮ್ಮನ್ನೂ ಒಂದು ವಾರ ಆಸ್ಟ್ರಿಯಾಗೆ ಕರೆದೊಯ್ಯುತ್ತಾನಂತೆ. ಒಟ್ಟು ಎರಡು ತಿಂಗಳ ಭೇಟಿ. ವೀಸಾ, ವಿಮೆ ಹೇಗೆ? ಅಲ್ಲಿ ನಮಗೇನು ಕೆಲಸ?

ಉತ್ತರ: ಎರಡು ತಿಂಗಳಲ್ಲಿ ಹೆಚ್ಚಿನ ದಿನ ನೀವಿರುವುದು ಜರ್ಮನಿಯಲ್ಲಾದ್ದರಿಂದ ಷೆಂಗೆನ್ ವೀಸಾಕ್ಕೆ ಜರ್ಮನಿಗೇ ಅರ್ಜಿ ಹಾಕಬೇಕು, ಆಸ್ಟ್ರಿಯಾದ ಒಂದು ವಾರಕ್ಕೆ ಬೇರೆ ವೀಸಾ ಬೇಡ, ಆದರೆ ಪ್ರಯಾಣದ ವಿವರದಲ್ಲಿ ಅದನ್ನು ಮುಚ್ಚಿಡದೆ ಬರೆಯಿರಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು, ಕೊನೆಯ ಗಡುವು 15 ದಿನ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ.

ವಿಮೆಯನ್ನು ಮಾತ್ರ ಏಜೆಂಟರ ಮಾತಿನ ಮೇಲೆ ಬಿಡಬೇಡಿ. ವೀಸಾಕ್ಕೆ ಬೇಕಾದ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆ ಇದ್ದ ಮಾತ್ರಕ್ಕೆ ಹಿಮದ ಆಟಗಳು ಅದರಲ್ಲಿ ಸೇರಿವೆ ಎಂದಲ್ಲ. ಅನೇಕ ಪಾಲಿಸಿಗಳು ಅವನ್ನು ಹೊರಗಿಡುತ್ತವೆ, ಕೆಲವು ಹೆಚ್ಚಿನ ಪ್ರೀಮಿಯಂಗೆ ಸೇರಿಸಿಕೊಳ್ಳುತ್ತವೆ. ನೀವು ಸ್ಕೀ ಮಾಡದಿದ್ದರೂ ಮೊಮ್ಮಕ್ಕಳೊಂದಿಗೆ ಜಾರುಬಂಡಿಯಲ್ಲಿ ಕೂರುವುದುಂಟಲ್ಲ! ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿದರೆ ಸಾವಿರಾರು ಯೂರೊ ಬಿಲ್ ಬರುತ್ತದೆ. ನಿಮ್ಮ ಮಗನಿಗೂ ಇದು ಅನ್ವಯಿಸುತ್ತದೆ: ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ಕಾರ್ಡು ಆಸ್ಟ್ರಿಯಾದ ಒಪ್ಪಂದದ ವೈದ್ಯರಲ್ಲಿ ನಡೆಯುತ್ತದೆ, ಪರ್ವತ ರಕ್ಷಣೆಯ ವೆಚ್ಚಕ್ಕೆ ನಡೆಯುವುದಿಲ್ಲ. ಪರ್ವತಾರೋಹಣ ಸಂಘವಾದ ಆಲ್ಪೆನ್‌ಫೆರೈನ್‌ನ ಸದಸ್ಯತ್ವದಲ್ಲಿ ರಕ್ಷಣಾ ವಿಮೆ ಸೇರಿರುತ್ತದೆ.

ಎತ್ತರದ ಭಯ ಬೇಡ. ಹಾರ್ನ್‌ಬೋಡೆನ್ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿಲ್ಲ. ಭಯಪಡಬೇಕಾದದ್ದು ಹಳ್ಳಿಯ ದಾರಿಯ ಮೇಲೆ ಬೆಳಗಿನ ಹೊತ್ತು ಗಟ್ಟಿಯಾಗಿರುವ ಮಂಜುಗಡ್ಡೆಗೆ. ಬೂಟಿನ ಅಡಿಗೆ ಸಿಕ್ಕಿಸಿಕೊಳ್ಳುವ ಕಬ್ಬಿಣದ ಮುಳ್ಳಿನ ಪಟ್ಟಿಯನ್ನು ಮಗನಿಂದ ಮ್ಯೂನಿಕ್‌ನಲ್ಲೇ ಕೊಡಿಸಿಕೊಳ್ಳಿ.

ಇನ್ನು ಕೆಲಸ. ಊರಿನ ಚರ್ಚಿನ ಅಂಗಳದಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಅವರ ಸಮಾಧಿಯಿದೆ. 1933ರ ನೊಬೆಲ್ ಪಡೆದ, ಉಪನಿಷತ್ತುಗಳ ಚಿಂತನೆಯನ್ನು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ನೆನೆದ ಅವರು 1961ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡರೂ ಮಣ್ಣಾದದ್ದು ಇಲ್ಲಿ. ಸಮಾಧಿಯ ಶಿಲುಬೆಯ ಮೇಲೆ ಅವರ ಹೆಸರಿನ ಸಮೀಕರಣವನ್ನೇ ಬರೆದಿದ್ದಾರೆ. ಸ್ಕೀ ಮಾಡುವವರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲೇ ಬಸ್ ಹಿಡಿಯಲು ಓಡುತ್ತಾರೆ. ಬ್ರಿಕ್ಸ್‌ಲೆಗ್‌ನ ಪಕ್ಕದ ರಾಟೆನ್‌ಬರ್ಗ್‌ಗೂ ಒಂದು ಮಧ್ಯಾಹ್ನ ಹೋಗಿಬನ್ನಿ. ಗಾಜಿನ ಕುಸುರಿಗೆ ಹೆಸರಾದ, ಕೆಲವೇ ನೂರು ಜನರ ಈ ಊರು ಆಸ್ಟ್ರಿಯಾದ ಅತಿ ಚಿಕ್ಕ ಪಟ್ಟಣ. ಬೆನ್ನಿಗಿರುವ ಬೆಟ್ಟ ಅಡ್ಡವಾಗಿ ಚಳಿಗಾಲದ ನಡುವಿನ ತಿಂಗಳುಗಳಲ್ಲಿ ಅದರ ಬೀದಿಗಳಿಗೆ ಬಿಸಿಲೇ ಬೀಳುವುದಿಲ್ಲ, ಸ್ವೆಟರ್ ಮೇಲೊಂದು ಕೋಟು ಇರಲಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನ ಸಸ್ಯಾಹಾರಿಗಳು, ಅವರಲ್ಲಿ ಕೆಲವರು ಮೊಟ್ಟೆಯನ್ನೂ ತಿನ್ನುವುದಿಲ್ಲ. ಆಸ್ಟ್ರಿಯಾದ ಹಳ್ಳಿಯಲ್ಲಿ ವಾರ ಕಳೆಯುವುದು ಸಾಧ್ಯವೇ?

ಉತ್ತರ: ಮೊಟ್ಟೆ ತಿನ್ನುವವರಿಗೆ ಸುಲಭ, ತಿನ್ನದವರಿಗೆ ಎಚ್ಚರ ಬೇಕು. ಬೆಟ್ಟದ ಹೋಟೆಲುಗಳಲ್ಲಿ ಮಾಂಸವಿಲ್ಲದ ತಿಂಡಿಯೆಂದು ಮೊದಲು ಸಿಗುವ ಶ್ಪೆಟ್ಸ್ಲೆ ಎಂಬ ಚೀಸು ಬೆರೆಸಿದ ಹಿಟ್ಟಿನ ಶಾವಿಗೆ, ಕೈಸರ್‌ಶ್ಮಾರ್ನ್ ಎಂಬ ಚೂರು ಮಾಡಿದ ಸಿಹಿ ದೋಸೆ ಎರಡರ ಹಿಟ್ಟಿಗೂ ಮೊಟ್ಟೆ ಬೀಳುತ್ತದೆ. ಇನ್ನೂ ಮೋಸಹೋಗುವುದು ಸೂಪಿನಲ್ಲಿ: ಕಾಸ್‌ಪ್ರೆಸ್‌ಕ್ನ್ಯೋಡೆಲ್ ಎಂಬುದು ಚೀಸು ಬ್ರೆಡ್ಡುಗಳ ವಡೆಯಾದರೂ ಅದನ್ನು ತೇಲಿಬಿಡುವುದು ಬಹುಪಾಲು ದನದ ಮಾಂಸದ ಸಾರಿನಲ್ಲಿ. ಅದನ್ನೇ ಸೂಪಿಲ್ಲದೆ ಸಲಾಡಿನ ಜೊತೆ ಕೊಡಿ ಎಂದು ಕೇಳಬಹುದು, ಆದರೆ ಅದರಲ್ಲೂ ಮೊಟ್ಟೆ ಇರುತ್ತದೆ. ಆಸ್ಟ್ರಿಯಾದ ಮೆನುಗಳಲ್ಲಿ ಸಾಮಾನ್ಯವಾಗಿ ತಿನಿಸಿನ ಪಕ್ಕ ಅಲರ್ಜಿ ಸೂಚಿಸುವ ಅಕ್ಷರಗಳಿರುತ್ತವೆ. 'ಸಿ' ಎಂದಿದ್ದರೆ ಮೊಟ್ಟೆ, 'ಜಿ' ಎಂದಿದ್ದರೆ ಹಾಲು. ಭಾಷೆ ಬಾರದಿದ್ದರೂ ಇಷ್ಟು ಓದಿಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಮಾಂಸಕ್ಕೆ ಮಾತ್ರ ಅಂಥ ಅಕ್ಷರವಿಲ್ಲ, ಬಾಯಿಬಿಟ್ಟು ಕೇಳಲೇಬೇಕು.

ಬೆಳಗಿನ ಉಪಾಹಾರ, ರಾತ್ರಿಯ ಊಟ ಸೇರಿದ ಹೋಟೆಲ್ ಬಾಡಿಗೆಯನ್ನು ಇಡೀ ಗುಂಪಿಗೆ ಕಟ್ಟುವ ಬದಲು, ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಒಂದನ್ನಾದರೂ ತೆಗೆದುಕೊಳ್ಳಿ. ಆರು ಗಂಟೆ ಚಳಿಯಲ್ಲಿ ಬಿದ್ದು ಎದ್ದು ಬಂದವರಿಗೆ ಬಿಸಿ ಅನ್ನ, ತಿಳಿಸಾರು ಸಾಕು. ಭಾರತದಿಂದ ನೇರವಾಗಿ ಬರುವವರು ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ತರಬಹುದು. ತುಪ್ಪ, ಪನೀರ್‌ನಂಥ ಹಾಲಿನ ಪದಾರ್ಥಗಳನ್ನೂ ಹಸಿ ಕರಿಬೇವನ್ನೂ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ಅಕ್ಕಿ, ಮೊಸರು, ತರಕಾರಿಯನ್ನು ಅಲ್ಲೇ ಕೊಳ್ಳುವುದಾದರೆ ಆಸ್ಟ್ರಿಯಾದ ಅಂಗಡಿಗಳು ಸಾಮಾನ್ಯವಾಗಿ ಶನಿವಾರ ಸಂಜೆ 6ಕ್ಕೆ ಮುಚ್ಚಿ ಸೋಮವಾರ ಬೆಳಿಗ್ಗೆಯೇ ತೆರೆಯುವುದರಿಂದ, ರೈಲು ಬದಲಿಸುವಾಗ ವರ್ಗ್ಲ್‌ನಲ್ಲೇ ಎರಡು ದಿನಕ್ಕಾಗುವಷ್ಟು ಕೊಂಡುಕೊಳ್ಳಿ.