ಬಿಚ್ಚಿ ಬ್ಯಾಗಿಗೆ ಹಾಕೋ ಯುಕುಲೇಲೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೆಲಸ ಬೆಂಗಳೂರಲ್ಲಿ, ಊರು ಶಿರಸಿ. ವಾರಾಂತ್ಯ ಬಂತು ಅಂದ್ರೆ ರಾತ್ರಿ ಬಸ್ಸು. ಕಾನ್ಸರ್ಟ್ ಸೈಜಿನ ಯುಕುಲೇಲೆ (ಗಿಟಾರ್ ಥರದ ನಾಲ್ಕು ತಂತಿಯ ಪುಟ್ಟ ವಾದ್ಯ) ನುಡಿಸ್ತೀನಿ, ಆದ್ರೆ ಬಸ್ಸಲ್ಲಿ ಅದನ್ನ ತೊಡೆ ಮೇಲೆ ಇಟ್ಕೊಂಡೇ ಕೂರ್ಬೇಕು. ಅದಕ್ಕೇ ಮಡಚೋ ಥರದ್ದು ಒಂದು ಮನೇಲೇ ಮಾಡೋಣ ಅಂತಿದೀನಿ. ನೆಕ್‌ನ ಐದನೇ ಫ್ರೆಟ್ (ಕತ್ತಿನ ಮೇಲಿನ ಸ್ವರದ ಅಡ್ಡ ಕಂಬಿ) ಹತ್ರ ಕತ್ತರಿಸಿ, ಹಿಂದ್ಗಡೆ ಕಬೋರ್ಡ್ ಬಾಗಿಲಿನ ಹಿಂಜ್ ಹಾಕಿ ಹಿಂದಕ್ಕೆ ಮಡಚಿದ್ರೆ ಲ್ಯಾಪ್‌ಟಾಪ್ ಬ್ಯಾಗಲ್ಲಿ ಹಿಡಿಸತ್ತಾ?
– ಓದುಗ, ಶಿರಸಿ

ಉತ್ತರ: ಹಿಂಜ್ ಹಿಂದ್ಗಡೆ ಹಾಕ್ಬೇಕು ಅನ್ನೋ ನಿಮ್ಮ ಲೆಕ್ಕ ಸರಿಯಾಗೇ ಇದೆ. ತಂತಿ ಯಾವಾಗ್ಲೂ ನೆಕ್‌ನ ಮುಂದಕ್ಕೆ ಎಳೀತಿರತ್ತೆ, ಹಿಂಜ್ ಹಿಂದಿದ್ರೆ ಆ ಎಳೆತಾನೇ ಸಂದನ್ನ ಮುಚ್ಚಿ ಹಿಡಿಯತ್ತೆ. ತೊಂದರೆ ಇರೋದು ಜಾಗದಲ್ಲಿ. ಕಾನ್ಸರ್ಟ್‌ನ ಸ್ಕೇಲ್ ಉದ್ದ, ಅಂದ್ರೆ ತಲೆ ಹತ್ರ ತಂತಿ ಕೂರೋ ಪಟ್ಟಿಯಾದ ನಟ್‌ನಿಂದ ಬಾಡಿ ಮೇಲೆ ತಂತಿ ಕೂರೋ ಬ್ರಿಡ್ಜ್‌ವರೆಗಿನ ದೂರ, ಸುಮಾರು 380 ಮಿಮೀ ಅಂತ ಇಟ್ಕೊಳ್ಳಿ, ಐದನೇ ಫ್ರೆಟ್ ಆ ನಟ್‌ನಿಂದ 95 ಮಿಮೀ ದೂರದಲ್ಲಿ ಬರತ್ತೆ, ತಲೆ ಭಾಗ ಒಂದು 110 ಸೇರಿಸಿದ್ರೆ ನೀವು ಮಡಚೋ ತುಂಡು 20 ಸೆಂಮೀಗಿಂತ ಜಾಸ್ತಿ ಆಯ್ತು, ಆದ್ರೆ ಹಿಂಜ್‌ನಿಂದ ಬಾಡಿವರೆಗೆ ಇರೋದು ಬರೀ 9.5 ಸೆಂಮೀ. ಬಾಡಿ ನೆಕ್‌ಗಿಂತ ದಪ್ಪ ಇರೋದ್ರಿಂದ ಮಡಚಿದ ತುಂಡು ಹೋಗಿ ಬಾಡಿಗೆ ಹೊಡ್ಕೊಂಡು ಅರ್ಧಕ್ಕೇ ನಿಲ್ಲತ್ತೆ. ಜೊತೆಗೆ ಆ ಜಾಗದಲ್ಲಿ ನೆಕ್ ತೆಳ್ಳಗಿರತ್ತೆ, ಸ್ಕ್ರೂ ಹಿಡಿಯೋಕೆ ಮರಾನೇ ಇಲ್ಲ, ನುಡಿಸೋವಾಗ ಹೆಬ್ಬೆರಳು ಪದೇ ಪದೇ ಓಡಾಡೋದೂ ಅಲ್ಲೇ.

ನನ್ನ ಅಭಿಪ್ರಾಯ ಕೇಳಿದ್ರೆ ಮಡಚೋ ಆಸೆ ಬಿಡಿ, ಬಿಚ್ಚೋ ಥರ ಮಾಡಿ. ನೆಕ್ ಬಾಡಿಗೆ ಸೇರೋ ಜಾಗವನ್ನ ಸರಿಯಾಗಿ 12ನೇ ಫ್ರೆಟ್‌ಗೆ, ಅಂದ್ರೆ 190 ಮಿಮೀಗೆ ತನ್ನಿ, ಫ್ರೆಟ್‌ಬೋರ್ಡೂ ಅಲ್ಲಿಗೇ ಮುಗಿಸಿಬಿಡಿ, 12 ಫ್ರೆಟ್ ಧಾರಾಳ ಸಾಕು. ಆಗ ನೆಕ್ ತುಂಡು 30 ಸೆಂಮೀ, ಬಾಡಿ 28 ಸೆಂಮೀ ಆಸುಪಾಸು ಬರತ್ತೆ, ಎರಡನ್ನೂ ಪಕ್ಕಪಕ್ಕ ಮಲಗಿಸಿದ್ರೆ ಅಗಲ 25 ಸೆಂಮೀ ದಾಟಲ್ಲ. ಬಾಡಿ ದಪ್ಪ 4 ಸೆಂಮೀಗೆ ಇಳಿಸಿದ್ರೆ 15.6 ಇಂಚಿನ ಲ್ಯಾಪ್‌ಟಾಪ್ ಬ್ಯಾಗಲ್ಲಿ ಆರಾಮಾಗಿ ಕೂರತ್ತೆ. ಬಾಡಿ ತೆಳ್ಳಗಾದ್ರೆ ಎಲ್ಲಕ್ಕಿಂತ ತಗ್ಗು ಸ್ವರದ ಸಿ ತಂತಿಯ ತುಂಬಿದ ದನಿ ಸ್ವಲ್ಪ ಕಮ್ಮಿ ಆಗತ್ತೆ, ಅದನ್ನ ಒಪ್ಕೊಂಡೇ ಶುರು ಮಾಡ್ಬೇಕು.

ಜೋಡಣೆ ಎಷ್ಟು ಗಟ್ಟಿ ಇರ್ಬೇಕು ಅಂತ ಎಲ್ರೂ ತಲೆ ಕೆಡಿಸ್ಕೋತಾರೆ, ಆದ್ರೆ ನಾಲ್ಕೂ ತಂತಿ ಸೇರಿದ್ರೂ ಎಳೆತ 15ರಿಂದ 20 ಕೆಜಿ ಅಷ್ಟೇ. ಬೋಲ್ಟ್‌ನ ಆದಷ್ಟು ಹಿಂಬದಿಗೆ, ಮುಂದಿನ ಹಲಗೆಯಿಂದ 28 ಮಿಮೀ ಕೆಳಗೆ ಕೊಟ್ರೆ ಅದರ ಮೇಲೆ ಬೀಳೋ ಎಳೆತ ಆರೇಳು ಕೆಜಿ ಇರತ್ತೆ, ಒಂದು ಎಂ6 (6 ಮಿಮೀ ದಪ್ಪದ) ಬೋಲ್ಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಿಜವಾಗ್ಲೂ ನೋಡ್ಕೋಬೇಕಾದ್ದು ಪ್ರತಿಸಲ ಜೋಡಿಸಿದಾಗ ನೆಕ್ ಅದೇ ಜಾಗಕ್ಕೆ, ಅದೇ ಕೋನಕ್ಕೆ ಬಂದು ಕೂರತ್ತಾ ಅಂತ. ಸಂದಿನ ಹಿಂಬದಿಗೆ ಒಂದು ಹಾಳೆಯಷ್ಟು, ಅಂದ್ರೆ 0.1 ಮಿಮೀ ಮರದಪುಡಿ ಸಿಕ್ಕಾಕ್ಕೊಂಡ್ರೂ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಕಾಲು ಮಿಮೀಯಷ್ಟು ಬದಲಾಗತ್ತೆ, ಅಲ್ಲಿ ಇರಬೇಕಾದ ಎತ್ತರಾನೇ 2.5ರಿಂದ 3 ಮಿಮೀ, ಅದರಲ್ಲಿ ಕಾಲು ಮಿಮೀ ಅಂದ್ರೆ ಬೆರಳಿಗೆ ಗೊತ್ತಾಗೇ ಆಗತ್ತೆ. ಕಬೋರ್ಡ್ ಹಿಂಜ್ ಬೇಡ ಅನ್ನೋದೂ ಇದಕ್ಕೇ, ಅದರ ಪಿನ್‌ನಲ್ಲಿ ಹೊಸದಿದ್ದಾಗ್ಲೇ ಅಲುಗಾಟ ಇರತ್ತೆ. ಎರಡೂ ಮುಖ ಸಪಾಟಾಗಿರಲಿ, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಿ, ಮುಂಭಾಗದ ಅಂಚಿನ ಹತ್ರ ತುದಿ ಗುಂಡಗಿರೋ ಎರಡು ಗಿಡ್ಡ ಸ್ಟೀಲ್ ಪಿನ್ ಕೊಡಿ, ಪಕ್ಕಕ್ಕೆ ಜರುಗದೇ ಇರೋ ಹಾಗೆ ಅವು ನೋಡ್ಕೋತವೆ.

ಇನ್ನೊಂದು ಮಾತು, ನೆಕ್‌ನ ಬುಡದಲ್ಲಿ ಮರದ ಎಳೆ ಬೋಲ್ಟ್ ಕಡೇನೇ ಮುಖ ಮಾಡಿರತ್ತೆ, ಅಲ್ಲಿ ನೇರವಾಗಿ ಥ್ರೆಡ್ ಇನ್ಸರ್ಟ್ (ಬೋಲ್ಟ್ ಕಚ್ಚೋ ಲೋಹದ ಕೊಳವೆ) ತಿರುಗಿಸಿದ್ರೆ ಬರ್ತಾ ಬರ್ತಾ ಕಿತ್ಕೊಂಡು ಬರತ್ತೆ. ಬಿಚ್ಚಿ ಜೋಡಿಸೋ ಮಂಚಗಳಲ್ಲಿ ಮರಕ್ಕೆ ಅಡ್ಡಡ್ಡ ಕೂರ್ಸೋ ಉರುಟು ಬ್ಯಾರಲ್ ನಟ್ ಬರತ್ತಲ್ಲ, ಅದನ್ನ ಹಾಕಿ. ಬೋಲ್ಟ್ ಬಾಡಿ ಒಳಗಿನ ಬ್ಲಾಕ್‌ನಿಂದ ಬಂದು ಅದಕ್ಕೆ ಕಚ್ಕೊಳ್ಳಲಿ, ತುದೀಲಿ ಕೈಯಲ್ಲೇ ತಿರುಗಿಸೋ ನಾಬ್ ಇರಲಿ, ಬೆರಳು ಒಳಗೆ ಹೋಗೋ ಹಾಗೆ ಹಿಂದಿನ ಹಲಗೇಲಿ 5 ಸೆಂಮೀ ಕಿಟಕಿ ಬಿಡಿ.

ಪ್ರಶ್ನೆ: ಪ್ರತಿಸಲ ಬಿಚ್ಚಿದಾಗ ನಾಲ್ಕೂ ತಂತಿ ತೆಗೆದು ಮತ್ತೆ ಹಾಕ್ಬೇಕಾ? ಹಾಗಿದ್ರೆ ಇದು ಯಾರಿಗೆ ಬೇಕು?
– ಓದುಗರು, ಉಡುಪಿ

ಉತ್ತರ: ಬೇಕಾಗಿಲ್ಲ. ತಂತಿ ಹಿಡಿಯೋ ಕೆಲಸವನ್ನ ಬ್ರಿಡ್ಜ್‌ಗೆ ಕೊಡಲೇಬೇಡಿ. ಬ್ರಿಡ್ಜ್‌ನ ಮುಂದಿನ ಹಲಗೆಗೆ ಅಂಟಿಸಿ, ತಂತಿ ಬರೀ ಅದರ ಮೇಲೆ ಹಾದು ಹೋಗಲಿ, ಬಾಡಿಯ ತುದಿಗೆ ಕೊಂಡಿ ಹಾಕಿ ಸಿಗಿಸೋ ಒಂದು ಸಣ್ಣ ಟೇಲ್‌ಪೀಸ್‌ಗೆ ನಾಲ್ಕೂ ತಂತಿ ಕಟ್ಟಿ, ಮ್ಯಾಂಡೊಲಿನ್‌ನಲ್ಲಿ ಇರೋ ಹಾಗೇನೇ. ಬಿಚ್ಚೋವಾಗ ತಂತಿಗಳನ್ನ ಒಂಚೂರು ಸಡಿಲ ಮಾಡಿ, ತಲೆ ಭಾಗ ಕೈಯಲ್ಲಿ ಹಿಡ್ಕೊಂಡು ನಾಬ್ ಬಿಚ್ಚಿ, ನೆಕ್‌ನ ನಿಧಾನಕ್ಕೆ ಮುಂದಕ್ಕೆ ಬಾಗಿಸಿ. 45 ಡಿಗ್ರಿ ಬಾಗೋ ಹೊತ್ತಿಗೆ ನಟ್‌ಗೂ ಬ್ರಿಡ್ಜ್‌ಗೂ ಇರೋ ದೂರ 380ರಿಂದ ಸುಮಾರು 350ಕ್ಕೆ ಇಳಿದಿರತ್ತೆ, ಮೂರು ಸೆಂಮೀ ಸಡಿಲ ಸಿಕ್ತಲ್ಲ, ಟೇಲ್‌ಪೀಸ್ ತಾನಾಗೇ ಕೊಂಡಿಯಿಂದ ಎದ್ದು ಬರತ್ತೆ. ತಂತಿ ನೆಕ್ ಜೊತೆಗೇ ಉಳಿಯತ್ತೆ, ಅದರ ಸುತ್ತ ಒಂದು ಬಟ್ಟೆ ಪಟ್ಟಿ ಸುತ್ತಿದ್ರೆ ಆಯ್ತು. ಜೋಡಿಸೋವಾಗ ಇದನ್ನೇ ತಿರುಗಾಮುರುಗಾ ಮಾಡಿ, ನೆಕ್ಕೇ ಸನ್ನೆಗೋಲಿನ ಥರ ಕೆಲಸ ಮಾಡತ್ತೆ, ಹೆಚ್ಚು ಬಲ ಬೇಕಾಗಲ್ಲ. ಈ ಥರ ಕಟ್ಟಿದ ಬ್ರಿಡ್ಜ್ ಮುಂದಿನ ಹಲಗೆಯನ್ನ ಕೆಳಕ್ಕೆ ಒತ್ತುತ್ತೆ, ಅದಕ್ಕೆ ಬ್ರಿಡ್ಜ್ ಕೆಳಗೆ ಒಳಗಿಂದ ಒಂದು ಅಡ್ಡ ಪಟ್ಟಿ ಅಂಟಿಸೋದು ಮರೀಬೇಡಿ.

ಪ್ರಶ್ನೆ: ನಮ್ಮದು ಬಾಗಿಲು ಕಿಟಕಿ ಮಾಡೋ ಮರಗೆಲಸದ ಅಂಗಡಿ. ಮಗಳಿಗೆ ಒಂದು ಮಾಡಿಕೊಡ್ಬೇಕು ಅಂತ ಆಸೆ. ಸಂಗೀತ ಗೊತ್ತಿಲ್ಲದ ನಾವು ಇದಕ್ಕೆ ಕೈ ಹಾಕಬಹುದಾ? ಮನೇಲಿ ಹಳೇ ಹಲಸಿನ ಹಲಗೆ ಇದೆ, ಆಗತ್ತಾ?
– ಓದುಗರು, ಪುತ್ತೂರು

ಉತ್ತರ: ಖಂಡಿತ ಹಾಕಿ ಸ್ವಾಮೀ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗಲ್ಲಿ ಹವಾಯಿಯ ಹೊನೊಲುಲುಗೆ ಬಂದ ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಮೂವರೂ ಮರಗೆಲಸದವರೇ, ತಮ್ಮೂರಿನ ಪುಟ್ಟ ವಾದ್ಯದ ಅಂದಾಜಲ್ಲಿ ಅಲ್ಲಿನ ಕೋವಾ ಮರದಿಂದ ಯುಕುಲೇಲೆ ಮಾಡಿ ಮಾರೋಕೆ ಶುರು ಮಾಡಿದ್ದೇ ಅವ್ರು. ನಿಮ್ಮ ಕೈಯಲ್ಲಿರೋ ಕೆಲಸ ಅದೇ ಕೆಲಸ.

ಹಲಸು ವೀಣೆಗೂ ಮೃದಂಗಕ್ಕೂ ಬಳಸೋ ಮರ, ಚೆನ್ನಾಗಿ ಒಣಗಿ ಎಳೆ ನೆಟ್ಟಗಿರೋ ತುಂಡು ನೆಕ್‌ಗೆ ಬಹಳ ಒಳ್ಳೇದು. ಮುಂದಿನ ಹಲಗೆಗೆ ಮಾತ್ರ ಹಗುರ ಮರ ಹುಡುಕಿ, 2 ಮಿಮೀ ದಪ್ಪಕ್ಕೆ ಕೀಸಿ, ಅದಕ್ಕಿಂತ ದಪ್ಪ ಆದ್ರೆ ದನಿ ಒಳಗೇ ಉಳಿಯತ್ತೆ. ಪಕ್ಕದ ಹಲಗೆ ಬಗ್ಗಿಸೋ ಗೋಜಿಗೆ ಹೋಗ್ಬೇಡಿ, ಪ್ರಯಾಣದ ವಾದ್ಯಕ್ಕೆ ಚೌಕಟ್ಟಿನ ಪೆಟ್ಟಿಗೆ ಆಕಾರಾನೇ ಸರಿ, ಬ್ಯಾಗಲ್ಲೂ ಅದೇ ಚೆನ್ನಾಗಿ ಕೂರತ್ತೆ.

ನಿಮಗೆ ಹೊಸದು ಅನ್ಸೋದು ಫ್ರೆಟ್ ಲೆಕ್ಕ ಒಂದೇ. ಸ್ಕೇಲ್ ಉದ್ದವನ್ನ 17.817ರಿಂದ ಭಾಗಿಸಿದ್ರೆ ಮೊದಲ ಫ್ರೆಟ್‌ನ ದೂರ, 380ಕ್ಕೆ 21.3 ಮಿಮೀ ಬರತ್ತೆ. ಉಳಿದ ಉದ್ದವನ್ನ ಮತ್ತೆ 17.817ರಿಂದ ಭಾಗಿಸಿ ಕೂಡಿಸಿದ್ರೆ ಎರಡನೇದು 41.5, ಹೀಗೇ ಹೋಗ್ತಾ 7ನೇದು 126.4, 12ನೇದು ಸರಿಯಾಗಿ ಅರ್ಧ. ಗುರುತು ಹಾಕೋವಾಗ ಎಲ್ಲವನ್ನೂ ನಟ್‌ನಿಂದಲೇ ಅಳೀರಿ, ಫ್ರೆಟ್‌ನಿಂದ ಫ್ರೆಟ್‌ಗೆ ಅಳೆದ್ರೆ ಕೂದಲೆಳೆ ತಪ್ಪುಗಳೆಲ್ಲ ಕೂಡ್ಕೋತಾ ಹೋಗತ್ತೆ. ತಂತಿ ಒತ್ತಿದಾಗ ಸ್ವಲ್ಪ ಬಿಗಿಯಾಗಿ ಸ್ವರ ಏರತ್ತೆ, ಅದಕ್ಕೆ ಬ್ರಿಡ್ಜ್‌ನ 380ರ ಬದಲು 382 ಹತ್ರ ಇಡಿ, ಕಿವಿಯಲ್ಲಿ ಕೇಳಿ ಖಾತ್ರಿ ಆದ್ಮೇಲೇ ಅಂಟಿಸಿ.

ಪ್ರಶ್ನೆ: ಬಿಚ್ಚಿ ಜೋಡಿಸಿದ ವಾದ್ಯದಲ್ಲಿ ನಾದ ಹೋಗಲ್ವಾ?
– ಓದುಗರು, ಮೈಸೂರು

ಉತ್ತರ: ಸಂದು ಪೂರ್ತಿ ಕೂತಿದ್ರೆ ಹೋಗಲ್ಲ. ನೆಕ್‌ಗೆ ಬೋಲ್ಟ್ ಹಾಕಿದ ಒಳ್ಳೊಳ್ಳೆ ಗಿಟಾರ್‌ಗಳಿವೆ, ಪ್ರಯಾಣಕ್ಕೆ ಅಂತ ಬಿಚ್ಚೋ ವೀಣೆಗಳನ್ನೂ ಮಾಡ್ತಾರೆ. ದನಿಯ ಹೆಚ್ಚು ಪಾಲು ಬರೋದು ಮುಂದಿನ ಹಲಗೆಯಿಂದ, ಅದರ ಮೇಲೆ ಶ್ರಮ ಹಾಕಿ.

ಪ್ರಶ್ನೆ: ಮೀನು ಹಿಡಿಯೋ ದಾರಾನ ತಂತಿಯಾಗಿ ಹಾಕಬಹುದು ಅಂತಾರೆ, ನಿಜವಾ?
– ಓದುಗ, ಕಾರವಾರ

ಉತ್ತರ: ನಿಜ, ಆದ್ರೆ ಫ್ಲೋರೋಕಾರ್ಬನ್ ಅಂತ ಬರೆದಿರೋದೇ ಆಗ್ಬೇಕು. 380 ಮಿಮೀ ಸ್ಕೇಲ್‌ಗೆ ಎ ತಂತಿ 0.52 ಮಿಮೀ, ಇ 0.66, ಸಿ 0.81, ಜಿ 0.57 ದಪ್ಪ ತಗೊಂಡ್ರೆ ಒಂದೊಂದರ ಮೇಲೂ ನಾಲ್ಕು ಕೆಜಿ ಆಸುಪಾಸು ಎಳೆತ ಬಂದು ಕೈಗೆ ಒಂದೇ ಸಮ ಅನ್ಸತ್ತೆ. ಹೊಸದು ಹಾಕಿದ ಮೇಲೆ ಕೆಲವು ದಿನ ಜಗ್ತಾನೇ ಇರತ್ತೆ, ಅಲ್ಲೀವರೆಗೆ ನೆಕ್ ಬಿಚ್ಚದೇ ಶ್ರುತಿ ಮಾಡ್ತಾ ಇರಿ, ಶ್ರುತಿ ನಿಂತ ಮೇಲೆ ಬ್ಯಾಗಿಗೆ ಹಾಕಿ.